ಜಿಂಕ್ ಬೆರೆಸಿದ ಮ್ಯಾಗ್ನೆಟೈಟ್ ನ್ಯಾನೊಕಣ: ತಾಪಮಾನ ಹಿಡಿತದಲ್ಲಿಟ್ಟು ಮಾಡುವ ಬಗೆ

ಪ್ರಬಂಧಗಳಲ್ಲಿ ಬರೆಯುವ ‘ರೂಮ್ ಟೆಂಪರೇಚರ್’ ಸಾಮಾನ್ಯವಾಗಿ 25 ಡಿಗ್ರಿ. ಬಳ್ಳಾರಿ, ರಾಯಚೂರಿನಲ್ಲಿ ಬೇಸಿಗೆ ಮಧ್ಯಾಹ್ನ ಹೊರಗೆ 40 ದಾಟುತ್ತದೆ, ಎಸಿ ಇಲ್ಲದ ಲ್ಯಾಬ್ ಕೂಡ ಕಾಯುತ್ತದೆ. ಕಣದ ಗಾತ್ರ ತಾಪಮಾನದಿಂದಲೂ ಬದಲಾಗುತ್ತದೆ, ಜಿಂಕ್‌ನಿಂದಲೂ ಬದಲಾಗುತ್ತದೆ. ಚಳಿಗಾಲದಲ್ಲಿ ಶುದ್ಧ ಮ್ಯಾಗ್ನೆಟೈಟ್ (ಆಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಆಕ್ಸೈಡ್, Fe₃O₄), ಬೇಸಿಗೆಯಲ್ಲಿ ಜಿಂಕ್‌ದು ಮಾಡಿ ಹೋಲಿಸಿದರೆ ಬಿಸಿಲು ಮಾಡಿದ ಕೆಲಸ ಜಿಂಕ್ ಖಾತೆಗೆ ಜಮಾ ಆಗುತ್ತದೆ. ಎರಡನ್ನೂ ಒಂದೇ ವಾಟರ್ ಬಾತ್‌ನಲ್ಲಿ, 80 ಡಿಗ್ರಿಯಲ್ಲಿ ಮಾಡಿ. ಥರ್ಮಾಮೀಟರ್ ದ್ರಾವಣದೊಳಗೇ ಇರಲಿ.

ಬೋರ್‌ವೆಲ್ ನೀರು ಬೇಡವೇ ಬೇಡ. ಗಡಸು ನೀರಿನ ಕ್ಯಾಲ್ಸಿಯಂ, ಪಿಎಚ್ 10ರಲ್ಲಿ ಕಾರ್ಬೊನೇಟ್ ಆಗಿ ಪುಡಿಯೊಳಗೆ ಕೂರುತ್ತದೆ. ತೂಕ ಏರುತ್ತದೆ, ಗ್ರಾಂ ಲೆಕ್ಕದ ಕಾಂತತೆ ಇಳಿಯುತ್ತದೆ. ಡಿಸ್ಟಿಲ್ಡ್ ನೀರನ್ನೇ 15 ನಿಮಿಷ ಕುದಿಸಿ, ನೈಟ್ರೋಜನ್ ಹಾಯಿಸುತ್ತಾ ಆರಿಸಿ.

ಒಂದು ಸೂತ್ರದಲ್ಲಿ 0.2 ಜಿಂಕ್ (Zn₀.₂Fe₂.₈O₄) ಬರಬೇಕಾದರೆ 50 ಮಿ.ಲೀ. ನೀರಿಗೆ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 5.41 ಗ್ರಾಂ, ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ 1.59 ಗ್ರಾಂ, ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್ 0.58 ಗ್ರಾಂ. ಶುದ್ಧ ಮ್ಯಾಗ್ನೆಟೈಟ್‌ಗೆ ಜಿಂಕ್ ಬಿಟ್ಟು ಫೆರಸ್ 1.99 ಗ್ರಾಂ ಹಾಕಿ. ಫೆರಸ್ ಕ್ಲೋರೈಡ್ ತಿಳಿ ಹಸಿರಾಗಿರಬೇಕು. ಕಂದು ತಿರುಗಿದ್ದರೆ ಅರ್ಧದಾರಿಯಲ್ಲೇ ಫೆರಿಕ್ ಆಗಿದೆ, ಆ ಬಾಟಲಿ ಬಿಡಿ.

ಇನ್ನೊಂದು ಬೀಕರಿನಲ್ಲಿ 3.2 ಗ್ರಾಂ ಕಾಸ್ಟಿಕ್ ಸೋಡಾವನ್ನು 100 ಮಿ.ಲೀ. ನೀರಲ್ಲಿ ಕರಗಿಸಿ 80 ಡಿಗ್ರಿಗೆ ತನ್ನಿ. ಕನ್ನಡಕ, ಗ್ಲೌಸ್ ಇರಲಿ. ಲವಣದ ದ್ರಾವಣವನ್ನು ಕ್ಷಾರಕ್ಕೆ ಸುರಿಯಿರಿ, ಕ್ಷಾರವನ್ನು ಲವಣಕ್ಕಲ್ಲ: ತಿರುಗಾಮುರುಗಾ ಮಾಡಿದರೆ ಕಡಿಮೆ ಪಿಎಚ್‌ನಲ್ಲೇ ಫೆರಿಕ್ ಮೊದಲು ಉದುರಿ, ಫೆರಸ್ ಹಿಂದೆ ಉಳಿಯುತ್ತದೆ. ಕೂಡಲೇ ಕಪ್ಪಾಗಬೇಕು. ಮ್ಯಾಗ್ನೆಟಿಕ್ ಸ್ಟಿರರ್ ಬೇಡ. ಕಣವೆಲ್ಲ ಬಾರ್‌ಗೇ ಅಂಟಿಕೊಳ್ಳುತ್ತದೆ. ಮೇಲಿನಿಂದ ತಿರುಗುವ ಮೋಟಾರ್ ಸ್ಟಿರರ್ ಬೇಕು.

ಸ್ವಲ್ಪ ದ್ರಾವಣ ತೆಗೆದು ಆರಿಸಿ ಪಿಎಚ್ ನೋಡಿ, ಕಾಸ್ಟಿಕ್ ಹನಿ ಹಾಕುತ್ತಾ 10ಕ್ಕೆ ನಿಲ್ಲಿಸಿ. 12 ದಾಟಿದರೆ ಜಿಂಕ್ ಜಿಂಕೇಟ್ ಆಗಿ ಕರಗಿ ತೊಳೆಯುವ ನೀರಿನ ಜೊತೆ ಹೋಗುತ್ತದೆ. ಅಮೋನಿಯಾ ಬಳಸಿದರೂ ಅದೇ ಕಥೆ, ಅಲ್ಲಿ ಅಮೋನಿಯಾ ಜೊತೆ ಸೇರಿ ಕರಗುತ್ತದೆ. ಒಂದು ಗಂಟೆ 80 ಡಿಗ್ರಿಯಲ್ಲಿಡಿ. ಕೆಳಗೆ ಆಯಸ್ಕಾಂತ ಹಿಡಿದು ನೀರು ಬಸಿದು, ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದಾಗ ಬಿಳಿ ಬಾರದವರೆಗೆ ತೊಳೆಯಿರಿ. 60 ಡಿಗ್ರಿಯಲ್ಲಿ, ಸಾಧ್ಯವಾದರೆ ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿ. ಸುಮಾರು 2.3 ಗ್ರಾಂ ಬರಬೇಕು. ಹೆಚ್ಚು ಬಂದರೆ ಲವಣವೋ ತೇವವೋ ಉಳಿದಿದೆ.

ಒಣಗಿದ ಪುಡಿ ಕಪ್ಪಿನಿಂದ ಕಂದಿಗೆ ತಿರುಗಿದರೆ ಮ್ಯಾಗ್ನೆಟೈಟ್ ಮ್ಯಾಗೆಮೈಟ್ (ಫೆರಸ್ ಎಲ್ಲ ಫೆರಿಕ್ ಆದ ಆಕ್ಸೈಡ್) ಆಗುತ್ತಿದೆ. ಗಾಳಿಯಲ್ಲಿ 500 ಡಿಗ್ರಿಗೆ ಕಾಯಿಸಿದರಂತೂ ಶುದ್ಧ ಸ್ಯಾಂಪಲ್ ಕೆಂಪು ಹೆಮಟೈಟ್ ಆಗಿ ಆಯಸ್ಕಾಂತಕ್ಕೆ ಹೆಚ್ಚೂಕಡಿಮೆ ಸ್ಪಂದಿಸುವುದೇ ಇಲ್ಲ. ಸಂಡೂರಿನ ಅದಿರಿನಲ್ಲಿರುವುದೂ ಹೆಚ್ಚಾಗಿ ಅದೇ ಖನಿಜ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಪರೀಕ್ಷೆ) ತಾಮ್ರದ ಕಿರಣಕ್ಕೆ 33.2 ಡಿಗ್ರಿ ಕೋನದ (2θ) ಬಳಿ ಗೆರೆ ಕಂಡರೆ ಹೆಮಟೈಟ್ ಸೇರಿದೆ ಎಂದೇ ತಿಳಿಯಿರಿ. ಕಾಯಿಸಲೇಬೇಕಿದ್ದರೆ ಆರ್ಗಾನ್‌ನಲ್ಲಿ ಕಾಯಿಸಿ. ಆಗ ಕಣ ಬೆಳೆದು ಕಾಂತತೆಯೂ ಏರುತ್ತದೆ. ಅದಕ್ಕೇ ಕಾಯಿಸಿದ್ದನ್ನೂ ಕಾಯಿಸದ್ದನ್ನೂ ಅಕ್ಕಪಕ್ಕ ಇಟ್ಟು ಜಿಂಕ್ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಜಿಂಕ್ ಮಾಡುವುದೇನು? ಮ್ಯಾಗ್ನೆಟೈಟ್ ಹರಳಿನ ಜೋಡಣೆಗೆ ಸ್ಪಿನೆಲ್ ಎನ್ನುತ್ತಾರೆ. ಈ ರಚನೆಯ ಎರಡು ಬಗೆಯ ಸ್ಥಾನಗಳ ಕಾಂತಬಲ ಹಗ್ಗಜಗ್ಗಾಟದಂತೆ ಎದುರುಬದುರು. ಕಾಂತಬಲವಿಲ್ಲದ ಜಿಂಕ್ ಸೋಲುವ ಕಡೆಯಲ್ಲಿ ಕೂರುವುದರಿಂದ ಒಟ್ಟು ಬಲ ಏರುತ್ತದೆ: ಸೂತ್ರವೊಂದಕ್ಕೆ 4 ಬೋರ್ ಮ್ಯಾಗ್ನೆಟಾನ್ (ಪರಮಾಣು ಕಾಂತಬಲದ ಅಳತೆಮಾನ) ಇದ್ದದ್ದು, 0.2 ಜಿಂಕ್‌ಗೆ ಲೆಕ್ಕದ ಪ್ರಕಾರ 5.2. ಜಿಂಕ್ 0.4–0.5 ದಾಟಿದರೆ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಕಾಂತಬಲಗಳು) ವಾಲಿ ಒಟ್ಟು ಬಲ ಮತ್ತೆ ಇಳಿಯುತ್ತದೆ. ನ್ಯಾನೊಕಣದ ಹೊರಮೈಯ ಅಸ್ತವ್ಯಸ್ತತೆಯಿಂದ ಅಳತೆ ಈ ಲೆಕ್ಕಕ್ಕಿಂತ ಕಡಿಮೆಯೇ ಬರುತ್ತದೆ.

ಜಿಂಕ್ ಹೆಚ್ಚಿದಂತೆ ಕ್ಯೂರಿ ತಾಪಮಾನವೂ (ಇದನ್ನು ದಾಟಿದರೆ ಈ ಕಾಂತಗುಣ ಹೋಗುತ್ತದೆ; ಶುದ್ಧ ಮ್ಯಾಗ್ನೆಟೈಟ್‌ಗೆ ಸುಮಾರು 585 ಡಿಗ್ರಿ) ಇಳಿಯುತ್ತದೆ. ಹಾಗಾಗಿ ಜಿಂಕ್ ಜಾಸ್ತಿ ಇರುವ ಸ್ಯಾಂಪಲ್‌ನ ಅಳತೆ 25 ಡಿಗ್ರಿಗೂ 40 ಡಿಗ್ರಿಗೂ ಹೆಚ್ಚು ವ್ಯತ್ಯಾಸ ತೋರುತ್ತದೆ. ವಿಎಸ್‌ಎಂಗೆ (ಕಾಂತತೆ ಅಳೆಯುವ ಯಂತ್ರ) ಕಳಿಸುವಾಗ ಯಾವ ತಾಪಮಾನದಲ್ಲಿ ಅಳೆಯಬೇಕೆಂದು ಸ್ಯಾಂಪಲ್ ಚೀಟಿಯಲ್ಲೇ ಬರೆಯಿರಿ.