ತೋಟದ ಮನೆಗೆ ಪುಟ್ಟ ಲಿನಕ್ಸ್ ಫೈರ್‌ವಾಲ್ ಆರಿಸುವಾಗ

ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಮಳೆಗಾಲದುದ್ದಕ್ಕೂ ಕರೆಂಟು ಹೋಗಿ ಬರುತ್ತಿರುವುದರಿಂದ, ಫೈರ್‌ವಾಲ್ ಆಗಿ (ಹೊರಗಿನ ಬೇಡದ ಸಂಪರ್ಕಗಳನ್ನು ತಡೆಯುವ ಕಾವಲಾಗಿ) ರೂಟರಿಗೆ ಹಾಕುವ ಲಿನಕ್ಸ್ ಹಠಾತ್ತನೆ ನಿಂತರೂ ಕೆಡದೆ ಮತ್ತೆ ಏಳುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ರೂಟರುಗಳಿಗೆಂದೇ ಮಾಡಿದ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ ಈ ವಿಷಯದಲ್ಲಿ ಗಟ್ಟಿ: ಅದರ ಮೂಲ ವ್ಯವಸ್ಥೆ ಸಾಮಾನ್ಯವಾಗಿ ಓದಲು ಮಾತ್ರ ಬರುವ ಭಾಗದಲ್ಲಿದ್ದು, ನಾವು ಮಾಡಿದ ಬದಲಾವಣೆಗಳು ಪ್ರತ್ಯೇಕ ಪದರದಲ್ಲಿ ಉಳಿಯುವುದರಿಂದ, ಸೆಟ್ಟಿಂಗ್ ಕೆಟ್ಟರೆ ಆ ಪದರವನ್ನಷ್ಟೇ ಅಳಿಸಿ ಮೊದಲಿನ ಸ್ಥಿತಿಗೆ ಮರಳಬಹುದು. 16 ಎಂಬಿ ಫ್ಲ್ಯಾಶ್ (ವ್ಯವಸ್ಥೆ ಉಳಿಯುವ ಸಂಗ್ರಹ), 128 ಎಂಬಿ ರ್‍ಯಾಮ್‌ಗಿಂತ ಕಡಿಮೆಯಿರುವ ಹಳೆಯ ರೂಟರನ್ನು ನೆಚ್ಚಬಾರದು. ಮಾದರಿಯ ಹೆಸರಿನೊಂದಿಗೆ ತಳದ ಚೀಟಿಯಲ್ಲಿರುವ ಆವೃತ್ತಿ ಸಂಖ್ಯೆಯನ್ನೂ ಓಪನ್‌ಡಬ್ಲ್ಯುಆರ್‌ಟಿ ಬೆಂಬಲಿಸುವ ರೂಟರುಗಳ ಪಟ್ಟಿಯೊಂದಿಗೆ ತಾಳೆ ನೋಡಬೇಕು (ಒಂದೇ ಹೆಸರಿನಡಿ ಒಳಗಿನ ಚಿಪ್ಪೇ ಬೇರೆಯಾಗಿರುವುದುಂಟು). ಶಿವಮೊಗ್ಗದ ಅಂಗಡಿಯಲ್ಲೋ ಕಚೇರಿಯಲ್ಲೋ ಹಳೆಯ ಪಿಸಿ ಬಿದ್ದಿದ್ದರೆ, ಎರಡನೆಯ ನೆಟ್‌ವರ್ಕ್ ಕಾರ್ಡ್ ಹಾಕಿ ಐಪಿಫೈರ್ ಎಂಬ ಫೈರ್‌ವಾಲ್ ಲಿನಕ್ಸ್ ಅಳವಡಿಸಬಹುದು. ಅದು ಇಂಟರ್‌ನೆಟ್ಟಿನ ಕಡೆಯನ್ನು ಕೆಂಪು, ಒಳಜಾಲವನ್ನು ಹಸಿರು ಎಂದು ಬಣ್ಣದಿಂದಲೇ ಗುರುತಿಸುತ್ತದೆ. ಪಿಎಫ್‌ಸೆನ್ಸ್ ಎಂಬ ಇನ್ನೊಂದು ಫೈರ್‌ವಾಲ್ ಒಳ್ಳೆಯದೇ ಆದರೂ, ಲಿನಕ್ಸ್ ಅಲ್ಲದ ಫ್ರೀಬಿಎಸ್‌ಡಿ ಎಂಬ ಬೇರೆ ಕಾರ್ಯವ್ಯವಸ್ಥೆ ಆಧಾರಿತ. ಲಿನಕ್ಸೇ ಬೇಕೆನ್ನುವವರಿಗೆ ಅದು ಲೆಕ್ಕಕ್ಕೆ ಬಾರದು.