ಗೋಣಿಚೀಲದ ಮೇಲಿನ ಎಳ್ಳು

ನಮ್ಮ ನಾಯಿ ಕರಿಯ ಮಲಗಿ ಎದ್ದುಹೋದ ಗೋಣಿಚೀಲದ ಮೇಲೆ ಎಳ್ಳು ಚೆಲ್ಲಿದ ಹಾಗಿತ್ತು. ಜಗಲಿಗೆ ಎಳ್ಳು ಎಲ್ಲಿಂದ ಬಂತು ಎಂದುಕೊಳ್ಳುತ್ತಲೇ ಅವನ ಬಾಲ ಎತ್ತಿ ನೋಡಿದೆ. ಕೂದಲಿಗೆ ಅಂಟಿದ್ದ ಒಂದು ಬಿಳಿ ಅಕ್ಕಿಕಾಳು ಮೆಲ್ಲಗೆ ಹಿಗ್ಗಿ ಕುಗ್ಗುತ್ತಿತ್ತು. ಲಾಡಿಹುಳುವಿನ ತುಂಡು ಅದು. ಹುಳು ಕರುಳು ಕಚ್ಚಿಕೊಂಡೇ ಇರುತ್ತದೆ. ಮೊಟ್ಟೆ ತುಂಬಿದ ತುದಿಯ ತುಂಡುಗಳು ಮಾತ್ರ ಕಳಚಿ ಹೊರಬಂದು, ಒಣಗಿ ಎಳ್ಳಿನಂತಾಗುತ್ತವೆ.

ಔಷಧಿ ಅಂಗಡಿಯಲ್ಲಿ "ಜಂತಿನ ಔಷಧಿ ಕೊಡಿ" ಎಂದೆ. ಕೊಟ್ಟದ್ದು ಫೆನ್‌ಬೆಂಡಜೋಲ್. ಮೂರು ದಿನ ಹಾಕಿದರೂ ಅಕ್ಕಿಕಾಳು ನಿಲ್ಲಲಿಲ್ಲ. ದುಂಡುಹುಳುವಿಗೆ ಒಳ್ಳೆಯ ಔಷಧಿಯೇ, ಆದರೆ ಚಿಗಟದಿಂದ ಬರುವ ಈ ಲಾಡಿಹುಳುವಿಗೆ ನಾಟುವುದಿಲ್ಲ. ನೆರೆಮನೆಯ ಅಜ್ಜ ಅಡಿಕೆ ಪುಡಿ ಕೊಡು ಎಂದರು. ಅವರ ಮಾತು ಸುಳ್ಳಲ್ಲ, ಅಡಿಕೆಯಲ್ಲಿರುವ ಅರೆಕೋಲಿನ್ ಹಿಂದೆ ನಾಯಿಯ ಲಾಡಿಹುಳುವಿಗೆ ಔಷಧಿಯೇ ಆಗಿತ್ತು. ಆದರೆ ಅದು ವಾಂತಿ ಭೇದಿ ಹತ್ತಿಸುತ್ತದೆ, ಬೆಕ್ಕಿಗಂತೂ ವಿಷ. ಮನೆ ತುಂಬ ಅಡಿಕೆಯಿದ್ದರೂ ನಾನು ಮುಟ್ಟಲಿಲ್ಲ.

ಪಶುವೈದ್ಯರು ಬರೆದುಕೊಟ್ಟದ್ದು ಪ್ರಾಜಿಕ್ವಾಂಟೆಲ್, ನಾಯಿಗೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ. ಕರಿಯನನ್ನು ಎತ್ತಿಕೊಂಡು ಅಡಿಕೆ ತೂಗುವ ಮಷಿನ್ ಮೇಲೆ ನಿಂತು, ಆಮೇಲೆ ನನ್ನ ತೂಕ ಕಳೆದೆ: 19 ಕಿಲೋ. 50 ಮಿಲಿಗ್ರಾಂನ ಎರಡು ಮಾತ್ರೆಗಳನ್ನು ಬೇಯಿಸಿದ ಮೊಟ್ಟೆಯೊಳಗೆ ಹುದುಗಿಸಿದೆ, ಅಗಿಯದೆ ನುಂಗಿದ.

ಕಷ್ಟವಾದದ್ದು ಸುಬ್ಬಿಯದು. ಒಂದೇ ಜಗಲಿಯಲ್ಲಿ ಮಲಗುವ ಬೆಕ್ಕನ್ನು ಬಿಡುವ ಹಾಗಿರಲಿಲ್ಲ. ಮಾತ್ರೆ ಬಲು ಕಹಿ, ಹಲ್ಲಿಗೆ ಸಿಕ್ಕಿತೋ ಬಾಯಲ್ಲಿ ನೊರೆ. ಮೊದಲನೆಯದು ಗೋಡೆಗೆ ಹೋಯಿತು. ಮರುದಿನ ಟವೆಲಿನಲ್ಲಿ ಕಾಲು ಸಮೇತ ಸುತ್ತಿ, ಬೆಕ್ಕಿನ ಮಾತ್ರೆಗೆ ಬೆಣ್ಣೆ ಸವರಿ ನಾಲಿಗೆಯ ಬುಡಕ್ಕೆ ಇಟ್ಟೆ. ಗಂಟಲಲ್ಲಿ ಸಿಕ್ಕಿಕೊಳ್ಳದಿರಲೆಂದು ಸೂಜಿಯಿಲ್ಲದ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟೆ.

ಸತ್ತ ಹುಳು ಬೀಳುತ್ತದೆಂದು ಎರಡು ದಿನ ಕಾದೆ. ಬೀಳಲಿಲ್ಲ. ಸತ್ತ ಹುಳು ಕರುಳಿನಲ್ಲೇ ಜೀರ್ಣವಾಗುವುದರಿಂದ ಕಾಣುವುದು ಅಪರೂಪವಂತೆ.

ನಾಲ್ಕನೆಯ ವಾರ ಮತ್ತೆ ಅಕ್ಕಿಕಾಳು! ಔಷಧಿ ಕೆಟ್ಟದ್ದಿರಬೇಕೆಂದು ಡಾಕ್ಟರಿಗೆ ಹೇಳಿದೆ. "ಚಿಗಟಕ್ಕೆ ಏನು ಮಾಡಿದ್ದೀರಿ?" ಎಂದು ಕೇಳಿದರು. ಏನೂ ಮಾಡಿರಲಿಲ್ಲ. ಗೋಣಿಯ ಧೂಳಿನಲ್ಲಿ ಬಿದ್ದ ಹುಳುವಿನ ಮೊಟ್ಟೆಯನ್ನು ಚಿಗಟದ ಮರಿ ತಿನ್ನುತ್ತದೆ, ಬೆಳೆದು ನಾಯಿಯನ್ನು ಕಚ್ಚುತ್ತದೆ, ತುರಿಕೆಗೆ ಮೈ ಕಡಿದುಕೊಳ್ಳುವ ನಾಯಿ ಆ ಚಿಗಟವನ್ನೇ ನುಂಗುತ್ತದೆ. ಎರಡು ಮೂರು ವಾರ ಕಳೆದರೆ ಹೊಸ ಹುಳು ತುಂಡು ಉದುರಿಸಲು ಶುರು. ಮಾತ್ರೆ ಒಳಗಿದ್ದ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮುಂದೆ ಬರುವುದನ್ನು ತಡೆಯುವುದಿಲ್ಲ.

ಅಂದೇ ಗೋಣಿ ಸುಟ್ಟೆ. ಬದಲಿಗೆ ಹಳೆಯ ಹತ್ತಿ ಬಟ್ಟೆ ಹಾಸಿ, ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಒಗೆದೆ. ಜಗಲಿಯ ಬಿರುಕಿನ ಧೂಳನ್ನೆಲ್ಲ ಕೆದಕಿ ಗುಡಿಸಿದೆ. ಇಬ್ಬರ ಕುತ್ತಿಗೆಯ ಹಿಂದೆ ಚಿಗಟ ಕೊಲ್ಲುವ ಫಿಪ್ರೊನಿಲ್ ಹನಿ, ನಾಯಿಯದು ನಾಯಿಗೆ, ಬೆಕ್ಕಿನದು ಬೆಕ್ಕಿಗೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿ ಬೆಕ್ಕಿನ ಪ್ರಾಣ ತೆಗೆಯುತ್ತದೆ, ದಯವಿಟ್ಟು ಡಬ್ಬಿ ಓದದೆ ಹಾಕಬೇಡಿ. ಚಿಗಟದ ಮರಿ ಸುತ್ತಿಕೊಳ್ಳುವ ಗೂಡು ತಿಂಗಳುಗಟ್ಟಲೆ ಕಾದು ಒಡೆಯಬಲ್ಲದು, ಹಾಗಾಗಿ ಮೂರು ತಿಂಗಳು ಬಿಡದೆ ಹನಿ ಹಾಕಿದೆ. ಇಬ್ಬರಿಗೂ ಮಾತ್ರೆ ಇನ್ನೊಮ್ಮೆ ಕೊಟ್ಟೆ.

ಆಮೇಲೆ ಕರಿಯನಲ್ಲಿ ಕಂಡಿಲ್ಲ. ಸುಬ್ಬಿ ಇಲಿ ಹಿಡಿಯುವುದನ್ನು ಬಿಡಿಸಲಾಗದು, ಇಲಿಯಿಂದ ಬರುವ ಲಾಡಿಹುಳುವೇ ಬೇರೆ. ಅವಳಿಗೆ ಮೂರು ತಿಂಗಳಿಗೊಮ್ಮೆ ಮಾತ್ರೆ ತಪ್ಪಿಸುವುದಿಲ್ಲ. ಅವಳನ್ನು ಅಪ್ಪಿಕೊಂಡೇ ಮಲಗುವ ಮಗಳಿದ್ದಾಳೆ, ಅಪ್ಪಿತಪ್ಪಿ ಚಿಗಟ ನುಂಗಿದರೆ ಮಕ್ಕಳಿಗೂ ಚಿಗಟದ ಲಾಡಿಹುಳು ಹತ್ತುತ್ತದೆ. ಸಂಜೆ ಹೇನು ಬಾಚಣಿಗೆಯಿಂದ ಇಬ್ಬರ ಮೈಯನ್ನೂ ಬಾಚಿ, ಉದುರಿದ ಕರಿ ಹುಡಿಯನ್ನು ಒದ್ದೆ ಬಿಳಿ ಬಟ್ಟೆಗೆ ಒತ್ತುತ್ತೇನೆ. ಕೆಂಪು ಬಿಟ್ಟರೆ ಚಿಗಟ ಬಂದಿದೆ ಎಂದರ್ಥ.