ಮಾಂಟ್ರಿಯಲ್ ಸರ್ಕಸ್ ನೋಡೋದು ಹೇಗೆ: ಟಿಕೆಟ್ಟಿಂದ ಕಾಲ್ಬೆರಳ ತನಕ

ಬೇಸಿಗೇಲಿ ಅಮ್ಮ ಇಲ್ಲಿಗೆ, ಕೆನಡಾದ ಮಾಂಟ್ರಿಯಲ್‌ಗೆ, ಬಂದಿದ್ದಾಗ ಸರ್ಕಸ್ಸಿಗೆ ಹೋಗೋಣ್ವಾ ಅಂದೆ. ಆನೆ ಇರತ್ತಾ ಅಂದ್ಲು. ಇಲ್ಲ. ಹುಲಿ? ಅದೂ ಇಲ್ಲ. ಹೋಗ್ಲಿ ಜೋಕರ್? ಇರ್ತಾನೆ ಆದ್ರೆ ಮಾಮೂಲಿ ಪ್ಯಾಂಟು ಶರ್ಟು ಹಾಕಿರ್ತಾನೆ. "ಮತ್ತೆ ಏನ್ ನೋಡೋಕೆ ಹೋಗ್ಬೇಕೋ ಅಲ್ಲಿಗೆ" ಅಂದ್ಲು. ಆವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಊರಿಂದ ಅಪ್ಪ ಅಮ್ಮನ್ನ ಕರ್ಸ್ಕೊಳ್ಳೋರಿಗೆ, ಇಲ್ಲಾಂದ್ರೆ ಸುಮ್ನೆ ನೋಡೋ ಆಸೆ ಇರೋರಿಗೆ ಉಪಯೋಗ ಆಗ್ಬೋದು.

ಮೊದಲು ಯಾವ ತಂಡದ ಶೋ ಅಂತ ನೋಡ್ಕೊಳ್ಳಿ. ಮಾಂಟ್ರಿಯಲ್ ಅಂದ್ರೆ ಎಲ್ಲರಿಗೂ ನೆನಪಾಗೋದು ಸರ್ಕ್ ದು ಸೊಲೈ. ಕ್ವಿಬೆಕ್‌ನ ಬೇ ಸೇಂಟ್ ಪಾಲ್ ಅನ್ನೋ ಊರಲ್ಲಿ ಮರಗಾಲು ಕಟ್ಕೊಂಡು ಬೀದೀಲಿ ಆಡ್ತಿದ್ದ ಹುಡುಗರು 1984ರಲ್ಲಿ ಶುರು ಮಾಡಿದ್ದು ಅದು. ನೋಡೋಕೆ ಭಾರಿ ಚೆನ್ನಾಗಿರತ್ತೆ, ಆದ್ರೆ ಮೇಕಪ್ಪು ಕಾಸ್ಟ್ಯೂಮ್ ಒಳಗೆ ಯಾರಿದಾರೆ ಅಂತ ಮನೆಗೆ ಬಂದ್ಮೇಲೂ ಗೊತ್ತಾಗಲ್ಲ. ನನಗೆ ಇಷ್ಟ ಇನ್ನೊಂದು ತಂಡ, ಲೆ ಸೆತ್ ದುವಾ ದ ಲಾ ಮೇ, ಅಂದ್ರೆ ಕೈಯ ಏಳು ಬೆರಳು. 2002ರಲ್ಲಿ ಶಾನಾ ಕ್ಯಾರಲ್, ಇಸಬೆಲ್ ಶಾಸೆ, ಪ್ಯಾಟ್ರಿಕ್ ಲಿಯೊನಾರ್, ಫಾನ್ ಶೇನ್, ಜಿಪ್ಸಿ ಸ್ನೈಡರ್, ಸೆಬಾಸ್ಟಿಯನ್ ಸೋಲ್ಡೆವಿಲಾ, ಸ್ಯಾಮುಯೆಲ್ ಟೆಟ್ರೊ, ಈ ಏಳು ಜನ ಸೇರಿ ಕಟ್ಟಿದ್ದು. ತುಂಬಾ ಒಗ್ಗಟ್ಟಾಗಿರೋರನ್ನ ಫ್ರೆಂಚ್‌ನೋರು ಕೈಯ ಐದು ಬೆರಳ ಥರ ಅಂತಾರೆ, ಇವರು ಏಳು ಜನ ಇದ್ರಲ್ಲ ಅದಕ್ಕೆ ಏಳು ಬೆರಳು. (ನಾವು ಅದೇ ಐದು ಬೆರಳು ತೋರ್ಸಿ ಎಲ್ಲಾ ಒಂದೇ ಸಮ ಇರತ್ತಾ ಅಂತ ಬೈತೀವಿ, ಈ ತಂಡಕ್ಕೆ ಎರಡೂ ಗಾದೆ ಒಪ್ಪತ್ತೆ!) ಇವರಲ್ಲಿ ತುಂಬಾ ಜನ ಮೊದಲು ಸೊಲೈನಲ್ಲೇ ಆಡಿದೋರು, ಸರ್ಕಸ್ಸನ್ನ ಮನುಷ್ಯರ ಅಳತೆಗೆ ಇಳಿಸ್ಬೇಕು ಅಂತ ಹೊರಗೆ ಬಂದು ಮಾಡಿದ ಮೊದಲ ಶೋ ಹೆಸರು ಲಾಫ್ಟ್, ಒಂದು ಮನೆ, ಅದರೊಳಗೆ ಏಳು ಜನ, ಅಷ್ಟೇ.

ಟಿಕೆಟ್ ದುಬಾರಿ ಅನ್ಸಿದ್ರೆ ಜುಲೈ ತನಕ ಕಾಯಿರಿ. 2010ರಿಂದ ಮಾಂಟ್ರಿಯಲ್ ಕಂಪ್ಲೆಟ್‌ಮಾ ಸರ್ಕ್ ಅಂತ ಹಬ್ಬ ನಡೆಯತ್ತೆ, ಆಗ ಬೀದೀಲೇ ಫ್ರೀ ಶೋ ಇರ್ತಾವೆ. ಇನ್ನೊಂದು ಒಳ್ಳೆ ದಾರಿ ನ್ಯಾಷನಲ್ ಸರ್ಕಸ್ ಸ್ಕೂಲಿನ ಮಕ್ಕಳು ಓದಿನ ವರ್ಷದ ಕೊನೇಲಿ ತೋಹು ಅನ್ನೋ ದುಂಡಗಿನ ಥಿಯೇಟರಲ್ಲಿ ಮಾಡೋ ಶೋ. ಸ್ಕೂಲ್ 1981ರದ್ದು, ಪಕ್ಕದಲ್ಲೇ ಇದೆ. ನಾಳೆ ದೊಡ್ಡ ತಂಡಗಳಲ್ಲಿ ಇರೋರನ್ನ ಇವತ್ತೇ ನೋಡ್ಬೋದು.

ಸೀಟು ಮುಂದಿನ ಸಾಲಲ್ಲಿ ತಗೋಬೇಡಿ, ಕತ್ತು ನೋವು ಬಿಟ್ರೆ ಏನೂ ಸಿಗಲ್ಲ. ಆರೇಳನೇ ಸಾಲು, ಸ್ವಲ್ಪ ಸೈಡಿಗೆ. ಯಾಕಂದ್ರೆ ಅಲ್ಲಿಂದ ಪಾದಗಳು ಕಾಣ್ಸತ್ತೆ, ನಿಜವಾದ ವಿಷ್ಯ ಪಾದದಲ್ಲೇ ಇರೋದು.

ಹೇಗೆ ಅಂದ್ರೆ, ಇಬ್ಬರು ಬರ್ತಾರೆ, ಒಬ್ಬ ಕೆಳಗೆ, ಒಬ್ಬಳು ಅವನ ಎತ್ತಿದ ಅಂಗೈ ಮೇಲೆ ತಲೆಕೆಳಗಾಗಿ ನಿಂತಿರ್ತಾಳೆ. ಎಲ್ಲರ ಕಣ್ಣೂ ಮೇಲೆ. ನೀವು ಒಂದು ಸಲ ಕೆಳಗೆ ನೋಡಿ. ಫ್ರೆಂಚ್‌ನಲ್ಲಿ ಅವನನ್ನ ಪೋರ್ತರ್ ಅಂತಾರೆ, ಹೊರೋನು. ಅವನ ಕಾಲ್ಬೆರಳು ನೆಲಾನ ಕಚ್ಕೊಂಡು ಬಿಡ್ತಾ ಇರತ್ತೆ, ಹಿಮ್ಮಡಿ ಒಂದೇ ಒಂದು ಚೂರು ಆ ಕಡೆ ಈ ಕಡೆ ಸರಿಯತ್ತೆ, ಮುಖದಲ್ಲಿ ಮಾತ್ರ ಬಸ್ಸಿಗೆ ಕಾಯೋನ ಕಳೆ. ಮೇಲಿರೋಳು ತಾನೂ ಬ್ಯಾಲೆನ್ಸ್ ಮಾಡೋಕೆ ಹೋದ್ರೆ ಇಬ್ಬರೂ ಎದುರುಬದುರು ಎಳೆದಾಡಿ ಬೀಳ್ತಾರೆ, ಅದಕ್ಕೆ ಅವಳು ಕೊರಡಿನ ಥರ ಗಟ್ಟಿಯಾಗಿ ನಿಲ್ಲೋದು, ಸರಿದೂಗ್ಸೋದೆಲ್ಲ ಕೆಳಗಿನೋನೇ. ಅಮ್ಮ ಇದನ್ನ ಕೇಳ್ಕೊಂಡು ಹತ್ತು ನಿಮಿಷ ಮೇಲೆ ನೋಡ್ಲೇ ಇಲ್ಲ, "ಪಾಪ ಆ ಹುಡುಗನ ಕಾಲು ನಡುಗ್ತಿದೆ ಕಣೋ" ಅಂತ ನನ್ನ ಕೈ ಹಿಡ್ಕೊಂಡ್ಲು.

ಆಮೇಲೆ ಚೈನೀಸ್ ಪೋಲ್, ನೆಟ್ಟಗೆ ನಿಲ್ಸಿರೋ ಕಬ್ಬಿಣದ ಕಂಬ. ನಮ್ಮೋರಿಗೆ ತಕ್ಷಣ ಮಲ್ಲಕಂಬ ನೆನಪಾಗತ್ತೆ, ಗದಗ ಬಾಗಲಕೋಟೆ ಕಡೆಯೋರಿಗಂತೂ ಕೇಳೋದೇ ಬೇಡ. 2018ರಲ್ಲಿ ಸೊಲೈನೋರು ಮುಂಬೈಯಲ್ಲಿ ಬಜಾರ್ ಅನ್ನೋ ಶೋ ಶುರು ಮಾಡಿದಾಗ ಮಲ್ಲಕಂಬಾನೇ ಸೇರಿಸ್ಕೊಂಡಿದ್ರು. ಆದ್ರೆ ಎರಡೂ ಒಂದೇ ಅನ್ಕೋಬೇಡಿ. ಮಲ್ಲಕಂಬ ಮರದ್ದು, ಹರಳೆಣ್ಣೆ ಹಚ್ಚಿರ್ತಾರೆ, ಬರೀ ಮೈ, ಲಂಗೋಟಿ. ಇವರ ಕಂಬಕ್ಕೆ ರಬ್ಬರ್ ಸುತ್ತಿರತ್ತೆ, ಬರೀ ಮೈಯಲ್ಲಿ ಜಾರಿದ್ರೆ ಚರ್ಮ ಕಿತ್ಕೊಂಡು ಬರತ್ತೆ, ಅದಕ್ಕೇ ಜೀನ್ಸು ದಪ್ಪ ಶರ್ಟು. ಸ್ಟೈಲಿಗೆ ಹಾಕಿದಾರೆ ಅಂತ ನಾನೂ ಮೊದಲು ಅನ್ಕೊಂಡಿದ್ದೆ.

ಈ ಕಂಬದ ಮೇಲೆ ಕಥೆ ಹೇಳೋದು ಹೇಗೆ ಅನ್ನೋರಿಗೆ ಒಂದು ಉದಾಹರಣೆ. ಏಳು ಬೆರಳಿನೋರದ್ದೇ ಕುಯಿಜೀನ್ ಅಂಡ್ ಕನ್ಫೆಶನ್ಸ್ ಅಂತ ಶೋ ಇತ್ತು, ಸ್ಟೇಜೇ ಅಡುಗೆಮನೆ, ನಿಜವಾಗ್ಲೂ ಓವನ್ನಲ್ಲಿ ಬನಾನಾ ಬ್ರೆಡ್ ಬೇಯ್ತಿತ್ತು, ವಾಸನೆ ನೋಡೋರ ತನಕ ಬರ್ತಿತ್ತು. ಅದರಲ್ಲಿ ಅರ್ಜೆಂಟೀನಾದ ಮತಿಯಾಸ್ ಪ್ಲೌಲ್ ಅನ್ನೋರು ಅಲ್ಲಿನ ಮಿಲಿಟರಿ ಸರ್ಕಾರದ ಕಾಲದಲ್ಲಿ ಕಾಣೆಯಾದ ತನ್ನ ಅಪ್ಪನ ವಿಷ್ಯ ಹೇಳಿ ಕಂಬ ಹತ್ತಿದ್ರು. ತಮ್ಮದೇ ಬದುಕು, ತಮ್ಮದೇ ಬಾಯಲ್ಲಿ. ಕಂಬದ ಮೇಲಿಂದ ತಲೆಕೆಳಗಾಗಿ ಜಾರೋ ಪಟ್ಟು ಎಲ್ಲಾ ಸರ್ಕಸ್ಸಲ್ಲೂ ಇದೆ, ಆದ್ರೆ ಯಾರು ಬೀಳ್ತಿರೋದು ಅಂತ ಗೊತ್ತಾದ್ಮೇಲೆ ಅದೇ ಪಟ್ಟನ್ನ ನೋಡೋದು ಬೇರೆ ಥರ. ಅವರ 2006ರ ಟ್ರೇಸಸ್ ಅನ್ನೋ ಶೋನಲ್ಲೂ ಆಡೋರು ಮೈಕ್ ಹಿಡಿದು ತಮ್ಮ ನಿಜವಾದ ಹೆಸರು ಹೇಳ್ಕೊಳ್ತಿದ್ರು. ಹಂಗಾಗಿ ಮಾತನ್ನ "ಆಟ ಶುರು ಮಾಡ್ರೋ" ಅಂತ ದಾಟ್ಸಿ ಬಿಡ್ಬೇಡಿ, ಹೆಸರು ನೆನಪಿಟ್ಕೊಳ್ಳಿ.

ಪ್ರೋಗ್ರಾಮ್ ಹಾಳೆ ಕೊಟ್ರೆ ಶೋಗೆ ಮುಂಚೆ ಓದಿ. ಆಂಟರ್ಪ್ರೆತ್ ಅಂದ್ರೆ ಆಡೋರು, ಮಿಜ್ ಆನ್ ಸೇನ್ ಅಂದ್ರೆ ನಿರ್ದೇಶನ, ಗ್ರೆಯರ್ ಅಂದ್ರೆ ಹಗ್ಗ ಕೊಂಡಿ ಕಂಬ ಎಲ್ಲಾ ಕಟ್ಟೋರು. ಮೂರನೇ ಹೆಸರನ್ನ ಯಾರೂ ಓದಲ್ಲ, ಜೀವ ಇರೋದು ಅವರ ಕೈಯಲ್ಲಿ. ನಿರ್ದೇಶಕರ ಹೆಸರು ಎಷ್ಟೋ ಸಲ ಹಳೇ ಸರ್ಕಸ್‌ನೋರದ್ದೇ ಆಗಿರತ್ತೆ: ಏಳು ಬೆರಳಿನ ಶಾನಾ ಟ್ರಪೀಜ್ (ಮೇಲೆ ಹಗ್ಗದಲ್ಲಿ ತೂಗೋ ಕೋಲು) ಆಡ್ತಿದ್ದೋರು, ಜಿಪ್ಸಿ ಸ್ಯಾನ್ ಫ್ರಾನ್ಸಿಸ್ಕೋದ ಪಿಕಲ್ ಫ್ಯಾಮಿಲಿ ಸರ್ಕಸ್ ಕಟ್ಟಿದೋರ ಮಗಳು, 2013ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯ ಪಿಪಿನ್ ನಾಟಕಕ್ಕೆ ಸರ್ಕಸ್ ಭಾಗ ಮಾಡಿದ್ದು ಅವರೇ.

ಪಟ್ಟು ತಪ್ಪಿದ್ರೆ "ಅಯ್ಯೋ" ಅನ್ಬೇಡಿ, ಸುಮ್ನಿರಿ. ಒಬ್ಬರನ್ನೊಬ್ಬರು ನೋಡ್ಕೊಂಡು ಇನ್ನೊಂದ್ಸಲ ಮಾಡ್ತಾರೆ, ಆ ಒಂದು ಕ್ಷಣದ ನೋಟ ನೋಡಿ, ಮಧ್ಯೆ "ಹೆಪ್" ಅಂತ ಸಣ್ಣಕೆ ಕೂಗು ಕೇಳ್ಸತ್ತೆ, ಅದು ಸಿಗ್ನಲ್ಲು. ಎರಡನೇ ಸಲ ಆದ್ಮೇಲೆ ಜೋರಾಗಿ ಚಪ್ಪಾಳೆ ಹೊಡೀರಿ. ಹಳೇ ಸರ್ಕಸ್ಸಲ್ಲಿ ಬೇಕಂತ್ಲೇ ಮೊದಲ್ನೇ ಸಲ ತಪ್ಸೋದೂ ಇತ್ತು, ಹಂಗಂತ ಎಲ್ಲದನ್ನೂ ನಾಟಕ ಅನ್ಕೋಬೇಡಿ. ಮೊಬೈಲ್ ಫ್ಲ್ಯಾಶ್ ಮಾತ್ರ ಖಂಡಿತ ಬೇಡ, ಗಾಳೀಲಿ ಇರೋನಿಗೆ ಹಿಡಿಯೋ ಕೈ ಕಾಣ್ಬೇಕು.

ಶೋ ಮುಗಿದ್ಮೇಲೆ ಓಡ್ಬೇಡಿ. ಸಣ್ಣ ಥಿಯೇಟರಾದ್ರೆ ಆಡಿದೋರು ಹೊರಗೆ ಬಂದು ನಿಂತಿರ್ತಾರೆ, ಫ್ರೆಂಚ್ ಬರ್ಲಿಲ್ಲ ಅಂದ್ರೂ ಬ್ರಾವೊ ಮೆರ್ಸಿ ಸಾಕು. ಅಮ್ಮ ಟ್ರಪೀಜ್ ಆಡಿದ ಹುಡುಗನ ಕೈ ಹಿಡ್ಕೊಂಡು ತಿರುಗ್ಸಿ ಅಂಗೈ ನೋಡೇಬಿಟ್ಲು, ನನಗೆ ನಾಚಿಕೆ, ಅವನು ನಗ್ತಿದ್ದ. ಬೆರಳ ಬುಡದಲ್ಲೆಲ್ಲ ಜಡ್ಡು, ಒಂದು ಕಡೆ ಕಿತ್ತು ಬಂದು ಕೆಂಪಗಾಗಿತ್ತು.

ಬಸ್ಸಲ್ಲಿ ಕೂತ್ಮೇಲೆ ಅಮ್ಮ, "ರಾತ್ರಿ ಮಲ್ಗೋವಾಗ ಹರಳೆಣ್ಣೆ ಹಚ್ಕೋ ಅಂತ ಹೇಳ್ಬೇಕಿತ್ತು ಕಣೋ ಅವನಿಗೆ" ಅಂದ್ಲು. ಮಾರನೇ ದಿನ ಅದೇ ಕೈಯಲ್ಲಿ ಟ್ರಪೀಜ್ ಹಿಡೀಬೇಕಲ್ಲಮ್ಮ ಅಂದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಸೋಪ್ ಹಾಕಿ ತೊಳ್ಕೋಬೋದಲ್ಲ" ಅಂದ್ಲು.